ಮೊದಲ ಪಟ್ಟಿ ಹಾಳಾಗಲಿಕ್ಕೇ ಇರೋದು

ನಮ್ಮಲ್ಲಿ 'ಕತ್ತಿ ಮಸೆಯೋದು' ಅಂದರೆ ಯಾರ ಮೇಲೋ ಹಗೆ ಸಾಧಿಸೋದು ಅಂತ ಅರ್ಥ. ನಾನು ಆರು ವರ್ಷದಿಂದ ಹೆಚ್ಚುಕಮ್ಮಿ ದಿನಾ ಬೆಳಗ್ಗೆ ಕತ್ತಿ ಮಸೀತಾ ಇದೀನಿ. ಯಾರ ಮೇಲೂ ಹಗೆಯಿಲ್ಲ, ದೇವರಾಣೆ. ಗಡ್ಡ ಕೆರೆದುಕೊಳ್ಳೋಕೆ, ಅಷ್ಟೇ :-)

ವಿಷಯ ಏನಂದರೆ, ಮೊನ್ನೆ ಗೆಳೆಯನೊಬ್ಬ ಫೋನು ಮಾಡಿದ್ದ. ಅವನಿಗೂ ಮಡಚುವ ಕತ್ತಿಯಲ್ಲಿ, ಹಿಂದೆ ಸಲೂನುಗಳಲ್ಲಿ ಇರ್ತಿತ್ತಲ್ಲ ಆ ಉದ್ದ ಕತ್ತಿಯಲ್ಲಿ, ಶೇವ್ ಮಾಡಿಕೊಳ್ಳೋದು ಕಲೀಬೇಕಂತೆ. ಕತ್ತಿ ಆರಿಸಿ ಆಗಿದೆ. ಆದರೆ ಅದನ್ನ ಎಳೆಯೋ ಚರ್ಮದ ಪಟ್ಟಿ ಯಾವುದು ತಗೊಳ್ಳೋದು ಅಂತ ವಾರದಿಂದ ತಲೆ ಕೆಡಿಸಿಕೊಂಡಿದ್ದಾನೆ. "ಎಂಟು ಸಾವಿರದ್ದು ಒಂದಿದೆ, ಹದಿನಾಲ್ಕು ಸಾವಿರದ್ದು ಇನ್ನೊಂದಿದೆ, ಕುದುರೆ ಚರ್ಮದ್ದು. ಯಾವುದು ತಗೊಳ್ಲೋ?" ಅಂದ. "ಎರಡೂ ಬೇಡ, ಮುನ್ನೂರೈವತ್ತು ರೂಪಾಯಿಯದ್ದು ತಗೋ" ಅಂದೆ. ಅವನಿಗೆ ಬೇಜಾರಾಯ್ತು. ನಾನು ತಮಾಷೆ ಮಾಡ್ತಿದೀನಿ ಅಂದುಕೊಂಡ. ಫೋನಲ್ಲಿ ಸರಿಯಾಗಿ ವಿವರಿಸೋಕೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಗಡ್ಡ ಬಿಟ್ಟವರು, ಗಡ್ಡವೇ ಇಲ್ಲದವರು ಕೂಡ ಓದಬಹುದು. ಇದು ಬರೀ ಗಡ್ಡದ ವಿಷಯ ಅಲ್ಲ.

ಮೊದಲು ಆ ಪಟ್ಟಿ ಅಂದರೇನು ಅಂತ ಹೇಳಿಬಿಡ್ತೀನಿ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟ್ರಾಪ್ ಅಂತಾರೆ. ನಲವತ್ತು ದಾಟಿದವರಿಗೆ ನೆನಪಿರಬಹುದು. ಊರಿನ ಸಲೂನಿನಲ್ಲಿ ಕುರ್ಚಿಯ ಪಕ್ಕದಲ್ಲೋ ಕಿಟಕಿಯ ಸರಳಿಗೋ ಒಂದು ಚರ್ಮದ ಬೆಲ್ಟು ನೇತಾಡ್ತಿತ್ತು. ಕೆನ್ನೆಗೆ ಸೋಪು ಹಚ್ಚಿ ಆದಮೇಲೆ ಅದರ ತುದಿ ಹಿಡಿದು ಜಗ್ಗಿ, ಕತ್ತಿಯನ್ನ ಚಟ್ ಪಟ್ ಚಟ್ ಪಟ್ ಅಂತ ಎಳೆದು ತಿರುಗಿಸಿ ಎಳೆದು ತಿರುಗಿಸಿ, ಆಮೇಲೆ ಗಡ್ಡಕ್ಕೆ ಕೈ ಹಾಕ್ತಿದ್ದರು. ನಾವೆಲ್ಲ ಮಕ್ಕಳು ಆ ಸದ್ದಿಗೇ ಹೆದರಿ ಕಣ್ಣು ಮುಚ್ಚಿಕೊಳ್ತಿದ್ದೆವು.

ಈಗ ಆ ಪಟ್ಟಿ ಸಲೂನುಗಳಲ್ಲಿ ಕಾಣೋದಿಲ್ಲ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಆಮೇಲಿನ ವರ್ಷಗಳಲ್ಲಿ 'ಹೊಸ ಬ್ಲೇಡು ಹಾಕಿ' ಅನ್ನೋದು ಸಲೂನಿಗೆ ಹೋದವರೆಲ್ಲರ ಮೊದಲ ಮಾತಾಯ್ತು. ಬ್ಲೇಡನ್ನ ಅರ್ಧಕ್ಕೆ ಮುರಿದು ಸಿಕ್ಕಿಸೋ ಕತ್ತಿ ಬಂತು. ಅದು ಬಂದದ್ದು ಒಳ್ಳೆಯದೇ. ಒಬ್ಬರ ಮುಖಕ್ಕೆ ಹಾಕಿದ ಕತ್ತಿ ಇನ್ನೊಬ್ಬರ ಮುಖಕ್ಕೆ ಹೋಗಬಾರದು. ಆದರೆ ಅದರ ಜೊತೆ ಪಟ್ಟಿಯೂ ಹೋಯ್ತು, ಪಟ್ಟಿಗೆ ಎಳೆಯೋ ಕೈಯೂ ಹೋಯ್ತು. ಇವತ್ತು ಒಬ್ಬ ಹುಡುಗ ಸ್ವಂತಕ್ಕೆ ಉದ್ದ ಕತ್ತಿ ಕೊಂಡರೆ ಇದನ್ನ ಹೇಳಿಕೊಡೋರು ಪಕ್ಕದ ಬೀದಿಯಲ್ಲಿ ಸಿಗೋದಿಲ್ಲ. ಸಿಗೋದು ಅಂಗಡಿಗಳ ಜಾಹೀರಾತು, ಬಣ್ಣಬಣ್ಣದ ವಿಡಿಯೋ. ಅವು ಎಲ್ಲಕ್ಕಿಂತ ಮೊದಲು ಹೇಳೋದು 'ಒಳ್ಳೆಯದನ್ನೇ ಕೊಳ್ಳಿ, ಒಂದೇ ಸಲ ಕೊಳ್ಳಿ' ಅಂತ.

ನಾನು ಹಾಗೇ ಮಾಡಿದೆ. ಅದರಿಂದ ಏನು ಕಳೆದುಕೊಂಡೆ ಅಂತ ಹೇಳ್ತೀನಿ.

ನಮ್ಮಜ್ಜನದ್ದು ಒಂದು ಕತ್ತಿ ಇತ್ತು. ಜರ್ಮನಿಯದ್ದು. ಬುಡದಲ್ಲಿ ಸೋಲಿಂಗೆನ್ ಅಂತ ಅಚ್ಚು. ಸೋಲಿಂಗೆನ್ ಅನ್ನೋದು ಕತ್ತಿ ಚಾಕುಗಳಿಗೇ ಹೆಸರಾದ ಊರು. ಆ ಹೆಸರನ್ನ ಕಂಡಕಂಡವರು ಹಾಕಿಕೊಳ್ಳಬಾರದು ಅಂತ ಜರ್ಮನಿಯಲ್ಲಿ 1938ರಲ್ಲಿ ಕಾನೂನನ್ನೇ ಮಾಡಿದ್ದಾರೆ. ಅಜ್ಜನಿಗೆ ಅದು ಎಲ್ಲಿಂದ ಬಂತೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅಜ್ಜ ಹೋದಮೇಲೆ ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೇ ಪಂಚಾಂಗಗಳ ಮಧ್ಯೆ, ಮೇಣಬಟ್ಟೆಯಲ್ಲಿ ಸುತ್ತಿಟ್ಟದ್ದು ಸಿಕ್ತು. ಒಂದೆರಡು ಕಡೆ ತುಕ್ಕಿನ ಚುಕ್ಕಿ ಬಿಟ್ಟರೆ ಚೆನ್ನಾಗಿತ್ತು. ಬೆಂಗಳೂರಿಗೆ ತಂದೆ. ಕಲ್ಲಿಗೆ ಹಾಕಿ ಹದ ಮಾಡಬಲ್ಲ ಒಬ್ಬರ ವಿಳಾಸ ಹುಡುಕಿ ಕಳಿಸಿಕೊಟ್ಟೆ. ವಾಪಸು ಬಂದಾಗ ಮುಂಗೈ ಕೂದಲು ಮುಟ್ಟಿದ ಹಾಗೇ ಉದುರ್ತಿತ್ತು. ಇಲ್ಲಿವರೆಗೆ ಎಲ್ಲ ಸರಿ.

ಅಂಥ ಕತ್ತಿಗೆ ತಕ್ಕ ಪಟ್ಟಿ ಬೇಡವೇ? ಹೊರದೇಶದಿಂದ ಕುದುರೆ ಚರ್ಮದ ಪಟ್ಟಿ ತರಿಸಿದೆ. ಷೆಲ್ ಕಾರ್ಡೋವನ್ ಅಂತ ಅದರ ಹೆಸರು. ಕುದುರೆಯ ಪೃಷ್ಠಭಾಗದ ಚರ್ಮದೊಳಗಿನ ಒಂದು ಒತ್ತಾದ ನಾರಿನ ಪದರ. ಷಿಕಾಗೋದಲ್ಲಿ 1905ರಲ್ಲಿ ಶುರುವಾದ ಹಾರ್ವೀನ್ ಅನ್ನೋ ಹದಗಾರಿಕೆ ಕಂಪನಿ ಈ ಚರ್ಮ ಹದ ಮಾಡೋಕೆ ಕಡಿಮೆಯಂದರೆ ಆರು ತಿಂಗಳು ತಗೊಳ್ಳುತ್ತೆ. ಮುಟ್ಟಿದರೆ ಗಾಜಿನ ಹಾಗೆ ನುಣುಪು. ನಾನು ಬೆಲೆ ಎಷ್ಟು ಅಂತ ಮನೆಯಲ್ಲಿ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. (ಇದನ್ನ ಓದಿ ಯಾರೂ ಹೇಳಬೇಡಿ.)

ಎರಡೇ ವಾರ. ಕತ್ತಿ ಮೊಂಡಾಯ್ತು. ಗಡ್ಡ ಕಿತ್ತುಬರೋದಕ್ಕೆ ಶುರುವಾಯ್ತು. ದಿನಾ ಐವತ್ತು ಸಲ ಎಳೀತಿದ್ದವನು ನೂರು ಸಲ ಎಳೆದೆ. ಇನ್ನೂ ಮೊಂಡು. ಆವಾಗ ನಾನು ಮಾಡಿದ ಯೋಚನೆ ನೋಡಿ: ಪಟ್ಟಿ ಅಷ್ಟು ದುಡ್ಡಿನದ್ದು, ಅದರಲ್ಲಿ ತಪ್ಪಿರೋಕೆ ಸಾಧ್ಯವಿಲ್ಲ. ನಾನು ವಿಡಿಯೋದಲ್ಲಿದ್ದ ಹಾಗೇ ಮಾಡ್ತಿದೀನಿ, ನನ್ನಲ್ಲೂ ತಪ್ಪಿಲ್ಲ. ಉಳಿದದ್ದು ಕತ್ತಿ. ಎಷ್ಟಾದರೂ ಹಳೇದು, ಅಜ್ಜನ ಕಾಲದ್ದು, ಸ್ಟೀಲೇ ಹೋಗಿರಬೇಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಒಂದು ಭಾನುವಾರ ಸಂಜೆ ಬೀದಿಯಲ್ಲಿ ಸೈಕಲ್ಲಿನ ಮೇಲೆ ಚಕ್ರ ಕಟ್ಟಿಕೊಂಡು ಚಾಕು ಸಾಣೆ ಹಿಡಿಯುವವನು ಕೂಗಿಕೊಂಡು ಬಂದ. ಓಡಿಹೋಗಿ ಕೊಟ್ಟೆ. ಆತ ಪಾಪ ಕೈಯಲ್ಲಿ ಹಿಡಿದು ನೋಡಿ, "ಇದು ಬೇಡ ಸಾರ್, ಭಾಳ ತೆಳು ಐತೆ" ಅಂದ. ನಾನೇ "ಪರವಾಗಿಲ್ಲ ಹಿಡೀರಿ" ಅಂದೆ. ತಪ್ಪು ಪೂರ್ತಿ ನನ್ನದು. ಕಿಡಿ ಹಾರಿತು. ಒಂದೇ ನಿಮಿಷ. ತಿರುಗಿ ಕೈಗೆ ಬಂದಾಗ ಕತ್ತಿಯ ಬಾಯಿ ಉದ್ದಕ್ಕೂ ನೀಲಿ ಬಣ್ಣದ ಗೆರೆ. ಆಮೇಲೆ ಓದಿ ತಿಳಿದುಕೊಂಡೆ. ಸ್ಟೀಲು ನೀಲಿಗೆ ತಿರುಗಿತು ಅಂದರೆ ಅಲ್ಲಿನ ಕಾವು ಹತ್ತಿರಹತ್ತಿರ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಂತ ಲೆಕ್ಕ. ಕಮ್ಮಾರ ಕೊಟ್ಟಿದ್ದ ಹದ ಅಲ್ಲಿಗೆ ಹೋಯ್ತು. ಇನ್ನು ಅದನ್ನ ಎಷ್ಟು ಮಸೆದರೂ ಹರಿತ ನಿಲ್ಲೋದಿಲ್ಲ. ಎರಡು ತಲೆಮಾರು ಸುಮ್ಮನೆ ಟ್ರಂಕಿನಲ್ಲಿ ಕೂತು ಉಳಿದಿದ್ದನ್ನ ನಾನು ಒಂದು ನಿಮಿಷದಲ್ಲಿ ಮುಗಿಸಿದೆ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಹಳೇ ಸಲೂನಿನ ಅಜ್ಜನ ಹತ್ತಿರ ಹೋದೆ. ನನ್ನ ತಲೆಗೆ ಮೊದಲ ಸಲ ಕತ್ತರಿ ಹಾಕಿದವರು ಅವರೇ. ಈಗ ಸಲೂನು ಮಗ ನೋಡಿಕೊಳ್ತಾನೆ, ಅವರು ಬೆಂಚಿನ ಮೇಲೆ ಪೇಪರ್ ಓದ್ತಾ ಕೂತಿರ್ತಾರೆ. ನೀಲಿಯಾದ ಕತ್ತಿಯನ್ನೂ ಪಟ್ಟಿಯನ್ನೂ ತೋರಿಸಿದೆ. ಕತ್ತಿ ನೋಡಿ ಏನೂ ಹೇಳಲಿಲ್ಲ. ಪಟ್ಟಿಯನ್ನ ಎರಡೂ ಕೈಯಲ್ಲಿ ಹಿಡಿದು, ಸವರಿ, "ಚಲೋ ಮಾಲು" ಅಂದರು. ಆಮೇಲೆ "ಎಲ್ಲಿ, ಎಳೆದು ತೋರಿಸು ತಮ್ಮಾ" ಅಂದರು.

ತೋರಿಸಿದೆ. ನಾಲ್ಕು ಸಲ ಎಳೆಯೋದರೊಳಗೆ ಕೈ ಹಿಡಿದು ನಿಲ್ಲಿಸಿದರು.

"ನೀನು ಕತ್ತೀನ ಪಟ್ಟಿಗೆ ಎಳೀತಾ ಇಲ್ಲ ತಮ್ಮಾ. ಪಟ್ಟಿ ಕುಯ್ಯೂಕೆ ಹೆದರಿ ಕತ್ತಿ ಎತ್ತೆತ್ತಿ ಇಡ್ತಾ ಇದೀಯ."

ಇಷ್ಟೇ ಮಾತು. ಆದರೆ ನಾನು ಕಲಿತದ್ದೆಲ್ಲ ಅದರಲ್ಲೇ ಇದೆ. ಪಟ್ಟಿ ದುಬಾರಿ. ಗೀರು ಬಿದ್ದರೆ ಅಂತ ಜೀವ ಹೊಡೆದುಕೊಳ್ತಿತ್ತು. ಅದಕ್ಕೇ ಕೊನೆಗೆ ಬಂದಾಗ ಕತ್ತಿಯ ಬೆನ್ನನ್ನ ಒಂಚೂರು ಎತ್ತಿ ತಿರುಗಿಸ್ತಿದ್ದೆ. ಪಟ್ಟಿಯನ್ನ ಬಿಗಿಯಾಗಿ ಜಗ್ಗೋಕೂ ಭಯ, ಸಡಿಲ ಬಿಡ್ತಿದ್ದೆ. ಬೆನ್ನು ಎದ್ದರೆ ಬಾಯಿ ಪಟ್ಟಿಗೆ ಕುಟುಕುತ್ತೆ. ಪಟ್ಟಿ ಜೋತರೆ ಚರ್ಮ ಬಾಯಿಯ ಸುತ್ತ ಬಾಗಿ ಅದನ್ನ ಗುಂಡಗೆ ಮಾಡುತ್ತೆ. ಎಳೆದಷ್ಟೂ ಹರಿತವಾಗೋ ಬದಲು ಎಳೆದಷ್ಟೂ ಮೊಂಡಾಗ್ತಿತ್ತು. ನೂರು ಸಲ ಎಳೆದವನಿಗೆ ನೂರು ಪಟ್ಟು ನಷ್ಟ.

ಅಜ್ಜ ಒಳಗೆ ಹೋಗಿ ತಮ್ಮ ಹಳೇ ಪಟ್ಟಿ ತಂದರು. ಕಪ್ಪಾಗಿ, ತುಂಬ ಗೀರು ಬಿದ್ದು, ಅಂಚಿನಲ್ಲಿ ಕಚ್ಚು ಬಿದ್ದು... "ಇದೆಲ್ಲ ನಾನು ಕಲಿಯೂಕಿದ್ದಾಗ ಆದದ್ದು. ಈ ಕಡಿ ಕಲಿತ ಮೇಲಿಂದು" ಅಂತ ಒಂದು ನುಣುಪಾದ ಜಾಗ ತೋರಿಸಿ ನಕ್ಕರು.

ಅವತ್ತಿನಿಂದ ನನ್ನ ಅಭಿಪ್ರಾಯ ಖಚಿತ. ಮೊದಲ ಪಟ್ಟಿ ಹಾಳಾಗಲಿಕ್ಕೇ ಇರೋದು. ಹಾಳಾದರೆ ಅಯ್ಯೋ ಅನ್ನಿಸದಂಥದ್ದನ್ನೇ ಕೊಳ್ಳಬೇಕು. 'ಒಳ್ಳೆಯದನ್ನೇ ಕೊಳ್ಳಿ, ಒಂದೇ ಸಲ ಕೊಳ್ಳಿ' ಅನ್ನೋದು ಕತ್ತಿಗೆ ಸರಿ, ಪಟ್ಟಿಗೆ ಸರಿಯಲ್ಲ. ಮೂಗಿಗಿಂತ ಮೂಗುತಿ ಭಾರ ಆಗಬಾರದು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಪಟ್ಟಿಗೆ ಎಳೆಯೋದು ಮಸೆಯೋದಲ್ಲ. ಮಸೆಯೋದು ಕಲ್ಲಿನ ಕೆಲಸ, ಅಲ್ಲಿ ಲೋಹ ಸವೆಯುತ್ತೆ, ಹೊಸ ಬಾಯಿ ಹುಟ್ಟುತ್ತೆ. ಪಟ್ಟಿಯಲ್ಲಿ ಹೆಚ್ಚುಕಮ್ಮಿ ಏನೂ ಸವೆಯೋದಿಲ್ಲ. ಒಂದು ಶೇವ್ ಆದಮೇಲೆ ಆ ತೆಳುವಾದ ಬಾಯಿ ಅಲ್ಲಲ್ಲಿ ಬಾಗಿರುತ್ತೆ, ಕಣ್ಣಿಗೆ ಕಾಣದಷ್ಟು. ಪಟ್ಟಿ ಅದನ್ನ ನೇರ ಮಾಡುತ್ತೆ, ಅಂಟಿದ ಕೊಳೆ ತೇವ ಒರೆಸುತ್ತೆ. ಹೊಲಕ್ಕೆ ಹೋಲಿಸಿದರೆ ಕಲ್ಲು ಉಳುಮೆ, ಪಟ್ಟಿ ಹರಗೋದು.

ಗಡ್ಡದಂಥ ಗಡ್ಡಕ್ಕೆ ಸ್ಟೀಲು ಹೇಗೆ ಬಗ್ಗುತ್ತೆ ಅಂತ ನನಗೂ ಅನ್ನಿಸಿತ್ತು. 2020ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಇದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಬ್ಲೇಡಿನ ಸ್ಟೀಲು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಹಾಗಿದ್ದೂ ಕೂದಲು ಓರೆಯಾಗಿ ಬಾಗಿ ಬಾಯಿಯ ದುರ್ಬಲ ಜಾಗಕ್ಕೆ ತಾಗಿದರೆ ಅಲ್ಲಿ ಸಣ್ಣ ಚೂರು ಹಾರಿಹೋಗುತ್ತೆ. ಅವರು ನೋಡಿದ್ದು ಬಳಸಿ ಬಿಸಾಡೋ ಬ್ಲೇಡನ್ನ. ಉದ್ದ ಕತ್ತಿಗೂ ಪಾಠ ಅದೇ: ಬಾಯಿ ಅಂದುಕೊಂಡಷ್ಟು ಗಟ್ಟಿಯಲ್ಲ, ಕೂದಲಿಗೇ ಸೋಲುತ್ತೆ. ಇನ್ನು ನಿಮ್ಮ ಒರಟು ಕೈಗೆ?

ಆದ್ದರಿಂದ ಮೊದಲ ಖರ್ಚು ಕತ್ತಿಗೆ, ಎರಡನೇ ಖರ್ಚು ಅದನ್ನ ಕಲ್ಲಿಗೆ ಹಾಕಿಸೋದಕ್ಕೆ. ಹೊಸ ಕತ್ತಿ ಕೂಡ ಬಹಳ ಸಲ ಪೂರ್ತಿ ಹದವಾಗಿ ಬಂದಿರೋದಿಲ್ಲ. ಕಲ್ಲಿನ ಕೆಲಸ ಆಗದ ಕತ್ತಿಯನ್ನ ಯಾವ ಪಟ್ಟಿಯೂ ಉದ್ಧಾರ ಮಾಡಲ್ಲ. ಮಿಕ್ಕ ಚಿಲ್ಲರೆ ಪಟ್ಟಿಗೆ.

ಈಗ ಚಿಲ್ಲರೆಯಲ್ಲಿ ಎಂಥದ್ದು ಕೊಳ್ಳಬೇಕು ಅಂತ ನೋಡೋಣ.

ಅಗಲ: ಮೂರು ಇಂಚು. ಕತ್ತಿಯ ಅಲಗು ಸಾಮಾನ್ಯವಾಗಿ ಸುಮಾರು ಮೂರು ಇಂಚು ಉದ್ದ ಇರುತ್ತೆ. ಪಟ್ಟಿಯೂ ಅಷ್ಟೇ ಅಗಲ ಇದ್ದರೆ ನೇರಕ್ಕೆ ಎಳೆದರೆ ಸಾಕು. ಎರಡು ಇಂಚಿನದ್ದಾದರೆ ಬುಡದಿಂದ ತುದಿಗೆ ಓರೆಯಾಗಿ ಜಾರಿಸ್ತಾ ಎಳೀಬೇಕು. ಅದು ಕಷ್ಟವಲ್ಲ, ಆದರೆ ಕಲಿಯೋ ದಿನವೇ ಎರಡೆರಡು ಸರ್ಕಸ್ಸು ಯಾಕೆ? ಎಳೆಯೋಕೆ ಸಿಗೋ ಉದ್ದ ಒಂದೂವರೆ ಅಡಿ ಇದ್ದರೆ ಧಾರಾಳ.

ಚರ್ಮ: ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ, ಬಣ್ಣದ ಲೇಪ ಇಲ್ಲದ, ಮಡಿಕೆ ಕಲೆ ಇಲ್ಲದ ದನದ್ದೋ ಎಮ್ಮೆಯದ್ದೋ ಚರ್ಮ. ದಪ್ಪ ಮೂರರಿಂದ ನಾಲ್ಕು ಮಿಲಿಮೀಟರ್. ನನ್ನ ಈಗಿನ ಪಟ್ಟಿ ಅಥಣಿಯದ್ದು. ಕೊಲ್ಹಾಪುರಿ ಚಪ್ಪಲಿ ಅಂತ ನಾವು ಕರೆಯೋದು ಕೊಲ್ಹಾಪುರದಲ್ಲಿ ಮಾತ್ರ ಆಗೋದಲ್ಲ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಆ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಬಳಸ್ತಾರೆ. ಅಲ್ಲಿನ ಗೆಳೆಯನೊಬ್ಬನ ಕೈಲಿ ಚಪ್ಪಲಿ ಮಾಡೋರ ಹತ್ತಿರ ಒಂದು ಪಟ್ಟಿ ಕತ್ತರಿಸಿ ತರಿಸಿದೆ. ಅಟ್ಟೆಗೆ ಬಳಸೋ ಬಡಿದ ಚರ್ಮ ಬೇಡ, ಅದು ತೀರಾ ಬಿರುಸು, ಅದಕ್ಕಿಂತ ತೆಳುವಾದದ್ದು ಅಂತ ಕೇಳಿದೆ. ಬಂದದ್ದು ಒಂಚೂರು ಒರಟಾಗಿತ್ತು. ಗ್ರಾನೈಟ್ ಕಟ್ಟೆಯ ಮೇಲೆ ಹಾಸಿ ನುಣುಪು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಧೂಳು ಒರೆಸಿ, ಒಂದು ವಾರ ದಿನಾ ಅಂಗೈಯಲ್ಲಿ ತಿಕ್ಕಿದೆ. ಎಲ್ಲ ಸೇರಿ ಆದ ಖರ್ಚು ಮುನ್ನೂರೈವತ್ತು. ಗೆಳೆಯನಿಗೆ ಕುಡಿಸಿದ ಚಹಾ ಬೇರೆ.

ಬಟ್ಟೆ: ಚರ್ಮದ ಹಿಂದೆ ಇನ್ನೊಂದು ಪದರ ಬಟ್ಟೆ ಇದ್ದರೆ ಒಳ್ಳೆಯದು. ಲಿನನ್ ಸಿಕ್ಕರೆ ಲಿನನ್, ಇಲ್ಲದಿದ್ದರೆ ಒತ್ತಾದ ಹತ್ತಿ ಕ್ಯಾನ್ವಾಸ್. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದುಕೊಂಡರೂ ನಡೆಯುತ್ತೆ. ಮೊದಲು ಬಟ್ಟೆಗೆ ಎಳೆದರೆ ಕೊಳೆ, ತೇವ ಹೋಗುತ್ತೆ. ಆಮೇಲೆ ಚರ್ಮ.

ಸೊಂಟದ ಬೆಲ್ಟು ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಸಾಮಾನ್ಯವಾಗಿ ಆಗಲ್ಲ. ಅಂಗಡಿ ಬೆಲ್ಟಿಗೆ ಮೇಲೆ ಪ್ಲಾಸ್ಟಿಕ್ಕಿನಂಥ ಲೇಪ, ಅಂಚಿನಲ್ಲಿ ಹೊಲಿಗೆ, ನಡುವೆ ಉಬ್ಬು, ಅಗಲವೂ ಕಡಿಮೆ. ಬಾಯಿ ಹೊಲಿಗೆಗೆ ತಾಗಿದರೆ ಮುಗೀತು. ಆದರೆ ಮೊಂಡು ಚಾಕು ಹಿಡಿದು ಕೈ ತಿರುಗಿಸೋದು ಕಲಿಯೋಕೆ ಬೆಲ್ಟು ಚೆನ್ನಾಗಿದೆ. ಅದಕ್ಕಂತ ಇಟ್ಟುಕೊಳ್ಳಿ.

ಮರದ ಹಲಗೆಗೆ ಚರ್ಮ ಅಂಟಿಸಿದ್ದೂ ಬರುತ್ತೆ. ಅದು ಜೋಲೋದಿಲ್ಲ, ಊರಿಗೆ ಒಯ್ಯೋಕೂ ಸಲೀಸು, ಆದರೆ ಗಿಡ್ಡ. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯೋಕೆ ಓನರ್ ಬಿಡದಿದ್ದರೆ ಅದೇ ಗತಿ. ಮನೆಯಲ್ಲಿ ಚರ್ಮವೇ ಬೇಡ ಅನ್ನೋರು ಬರೀ ಕ್ಯಾನ್ವಾಸಿನಲ್ಲೂ ಕೆಲಸ ನಡೆಸಬಹುದು, ಸ್ವಲ್ಪ ಹೆಚ್ಚು ಸಲ ಎಳೆಯಬೇಕು ಅಷ್ಟೇ. ನಮ್ಮಮ್ಮ "ದೇವರ ಮನೆ ಕಡೆ ಮಾತ್ರ ತರಬೇಡ" ಅಂತ ಒಂದೇ ಷರತ್ತು ಹಾಕಿದಳು. ಪಾಲಿಸ್ತಿದೀನಿ.

ಇನ್ನು ಎಳೆಯೋ ಕ್ರಮ. ಸಲೂನಿನ ಅಜ್ಜ ನನಗೆ ಹೇಳಿಕೊಟ್ಟದ್ದನ್ನ ಹಾಗೇ ಬರೀತೀನಿ.

ಪಟ್ಟಿಯ ಒಂದು ತುದಿಯನ್ನ ಕಿಟಕಿಯ ಸರಳಿಗೋ ಬಾಗಿಲ ಚಿಲಕಕ್ಕೋ ಕಟ್ಟಿ. ಸೊಂಟದ ಎತ್ತರ ಸಾಕು. ಇನ್ನೊಂದು ತುದಿ ಎಡಗೈಯಲ್ಲಿ ಹಿಡಿದು ಜಗ್ಗಿ. ಜೋಲಬಾರದು, ಹಾಗಂತ ಹಗ್ಗ ಜಗ್ಗಾಟವೂ ಅಲ್ಲ. ಕತ್ತಿಯನ್ನ ಹಿಡಿಯಿಂದಲ್ಲ, ಅಲಗಿನ ಬುಡದ ಸಣ್ಣ ಕತ್ತಿನಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಹಿಡೀರಿ. ಅಲಗನ್ನ ಪೂರ್ತಿ ಮಲಗಿಸಿ. ಬೆನ್ನೂ ತಾಗಬೇಕು, ಬಾಯಿಯೂ ತಾಗಬೇಕು. ಕತ್ತಿ ಮಾಡಿದವನು ಎಷ್ಟು ಕೋನ ಬೇಕು ಅಂತ ಯೋಚಿಸಿಯೇ ಬೆನ್ನನ್ನ ಅಷ್ಟು ದಪ್ಪ ಇಟ್ಟಿರ್ತಾನೆ. ಮಲಗಿಸಿದರೆ ಕೋನ ತಾನಾಗೇ ಸರಿ ಇರುತ್ತೆ, ನಿಮ್ಮ ಜಾಣತನ ಬೇಕಾಗಿಲ್ಲ.

ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೀರಿ. ತುದಿ ಹತ್ತಿರ ಬಂದಾಗ ನಿಲ್ಲಿಸಿ. ನಿಲ್ಲಿಸಿ ಅಂದೆ, ನಿಧಾನ ಮಾಡಿ ಅನ್ನಲಿಲ್ಲ. ನಿಂತಮೇಲೆ ಬೆನ್ನನ್ನ ಪಟ್ಟಿಯ ಮೇಲೇ ಇಟ್ಟುಕೊಂಡು ಬೆರಳಲ್ಲಿ ಉರುಳಿಸಿ, ಕತ್ತಿ ಮಗುಚಲಿ. ಮಣಿಕಟ್ಟು ತಿರುಗಿಸಬೇಡಿ, ಬೆರಳು ಸಾಕು. ಇನ್ನೊಂದು ಮಗ್ಗುಲು ಮಲಗಿದ ಮೇಲೆಯೇ ವಾಪಸು ಎಳೀರಿ. ಗೀರು ಬೀಳೋದೆಲ್ಲ ಈ ತಿರುವಿನಲ್ಲೇ. ಬೆನ್ನು ಎದ್ದರೆ ಒಂದು, ಮಗುಚೋ ಮುಂಚೆ ಎಳೆದರೆ ಇನ್ನೊಂದು. ಘಾಟಿ ರಸ್ತೆಯ ತಿರುವಿನಲ್ಲಿ ಬಸ್ಸಿನ ಡ್ರೈವರ್ ಹೇಗೆ ಮಾಡ್ತಾನೋ ಹಾಗೆ.

ಒತ್ತಬೇಡಿ. ಕತ್ತಿಯ ತೂಕಕ್ಕಿಂತ ಒಂದೆಳೆ ಜಾಸ್ತಿ, ಅಷ್ಟೇ. ಬಟ್ಟೆಗೆ ಹೋಗಿಬರೋದು 20 ಸಲ, ಚರ್ಮಕ್ಕೆ 50 ಸಲ. ಸಿನಿಮಾದಲ್ಲಿ ತೋರಿಸೋ ಚಟಪಟ ಸದ್ದು ಬರಲಿಲ್ಲ ಅಂತ ಚಿಂತೆ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲ ತಿಂಗಳು ನನಗೆ 50 ಸಲ ಎಳೆಯೋಕೆ ನಾಲ್ಕೈದು ನಿಮಿಷ ಬೇಕಾಗ್ತಿತ್ತು. ಈಗ ಒಂದೂವರೆ ನಿಮಿಷ. ವೇಗ ನಾನು ಕಲಿತದ್ದಲ್ಲ, ತಾನಾಗಿ ಬಂದದ್ದು.

ಎಳೆದದ್ದು ಸರಿ ಆಯ್ತೋ ಇಲ್ಲವೋ ಗೊತ್ತಾಗೋದು ಕೆನ್ನೆ ಮೇಲೇ. ನಿನ್ನೆಗಿಂತ ಇವತ್ತು ಜಾಸ್ತಿ ಎಳೆದು ಬಂತು ಅಂದರೆ ಕೈ ನೋಡಿಕೊಳ್ಳಿ, ಕತ್ತಿ ನೋಡಬೇಡಿ. ಇದೊಂದು ಸಾಲು ಆರು ವರ್ಷದ ಹಿಂದೆ ನನಗೆ ಯಾರಾದರೂ ಹೇಳಿದ್ದರೆ!

ಹಸಿರು ಪೇಸ್ಟಿನ ಬಗ್ಗೆ. ಕ್ರೋಮಿಯಂ ಆಕ್ಸೈಡ್ ಅಂತ, ಪಟ್ಟಿಯ ಜೊತೆಗೇ ಮಾರ್ತಾರೆ. ಅದನ್ನ ಪಟ್ಟಿಗೆ ಬಳಿದರೆ ಪಟ್ಟಿ ಪಟ್ಟಿಯಾಗಿ ಉಳಿಯೋದಿಲ್ಲ, ಬಾಗೋ ಕಲ್ಲಾಗುತ್ತೆ. ಲೋಹ ಸವೆಯೋಕೆ ಶುರು. ಕೈ ಕುಳಿತವರು ಅದಕ್ಕಂತಲೇ ಬೇರೆ ಹಲಗೆ ಇಟ್ಟು, ತಿಂಗಳು ಎರಡು ತಿಂಗಳಿಗೆ ಹತ್ತಿಪ್ಪತ್ತು ಸಲ ಎಳೀತಾರೆ. ಅದು ಸರಿ. ಕಲಿಯೋರು ಬಳಿದರೆ ತಪ್ಪು ಎಲ್ಲಿ ಅಂತಲೇ ಗೊತ್ತಾಗಲ್ಲ. ಕೆಟ್ಟ ಕೈಯ ತಪ್ಪನ್ನ ಪೇಸ್ಟು ಒಂದಷ್ಟು ದಿನ ಮುಚ್ಚಿಡುತ್ತೆ, ಆಮೇಲೆ ಬಾಯಿ ಪೂರ್ತಿ ಗುಂಡಗಾದಾಗ ಬಯಲಾಗುತ್ತೆ. ಮೊದಲ ಆರು ತಿಂಗಳು ಡಬ್ಬಿ ತೆರೆಯಲೇಬೇಡಿ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಗೋದು ಬೇಡ.

ಜೋಪಾನದ ವಿಷಯ ಜಾಸ್ತಿ ಇಲ್ಲ. ಎಣ್ಣೆ ಬೇಡ, ಪಾಲಿಶ್ ಬೇಡ. ಎಳೆಯೋ ಮುಂಚೆ ತೊಳೆದು ಒಣಗಿಸಿದ ಅಂಗೈಯಲ್ಲಿ ಒಂದು ಹತ್ತು ಸಲ ಸವರಿ, ಕೈಯ ಜಿಡ್ಡೇ ಸಾಕು. ನೀರು ತಾಗಬಾರದು. ಬಾತ್‌ರೂಮಿನಲ್ಲಿ ನೇತುಹಾಕಬೇಡಿ, ಬಿಸಿನೀರಿನ ಹಬೆಗೆ ಚರ್ಮ ಕೆಡುತ್ತೆ. ಮಲೆನಾಡಿನವರು, ಕರಾವಳಿಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿ. ಬೂಷ್ಟು ಬಂದಿದ್ದರೆ ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಗಾಳಿಗೆ ಹಾಕಿ, ಬಿಸಿಲಿಗಲ್ಲ. ಸುತ್ತಿಡಬೇಡಿ, ಮಡಿಸಲೇಬೇಡಿ. ಕತ್ತಿಗೂ ಒಂದು ಮಾತು. ಒರೆಸಿ ಒಣಗಿಸಿ, ದಿನಾ ಬಳಸದಿದ್ದರೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ದಿನ ಹೋದಂತೆ ಅಂಟಾಗುತ್ತೆ. ಗೀರು ಬಿತ್ತಾ? ಸಣ್ಣದಾದರೆ ಸ್ಯಾಂಡ್‌ಪೇಪರಿನಲ್ಲಿ ಮಟ್ಟ ಮಾಡಿ ಮುಂದುವರಿಸಿ. ಚರ್ಮದ ಚಕ್ಕೆ ಎದ್ದಿದ್ದರೆ ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಉಜ್ಜಿ. ದೊಡ್ಡದಾದರೆ ಇನ್ನೊಂದು ಮುನ್ನೂರೈವತ್ತು. ಹೋಗಲಿ ಬಿಡಿ.

ಆ 'ಹೋಗಲಿ ಬಿಡಿ' ಅನ್ನೋದೇ ಅಗ್ಗದ ಪಟ್ಟಿಯ ದೊಡ್ಡ ಗುಣ. ಅದು ಕೈಯ ಭಯ ಬಿಡಿಸುತ್ತೆ. ತಪ್ಪು ನಿಮ್ಮದೇ ಅಂತ ಒಪ್ಪಿಕೊಳ್ಳೋಕೆ ದಾರಿ ಮಾಡಿಕೊಡುತ್ತೆ. ದುಬಾರಿ ವಸ್ತು ಎದುರಿಗಿದ್ದಾಗ ನಾವು ಅದರ ಪರ ವಕಾಲತ್ತು ವಹಿಸ್ತೀವಿ, ಯಾಕೆಂದರೆ ದುಡ್ಡು ನಮ್ಮದು. ನಾನು ಹದಿನೈದು ದಿನ ಕುದುರೆ ಚರ್ಮದ ವಕೀಲನಾಗಿದ್ದೆ. ಶಿಕ್ಷೆ ಅಜ್ಜನ ಕತ್ತಿಗಾಯ್ತು.

'ಅಗ್ಗದ್ದು ಕೊಂಡು ಬಿಸಾಡಿ ಮತ್ತೆ ಕೊಳ್ಳೋದು ದುಂದಲ್ಲವೇ' ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಬಿಸಾಡಬೇಕಾಗಿಲ್ಲ. ನನ್ನ ಅಥಣಿ ಪಟ್ಟಿಯಲ್ಲಿ ಹದಿಮೂರು ಗೀರುಗಳಿವೆ, ಎಣಿಸಿದೀನಿ. ಉಜ್ಜಿ ಉಜ್ಜಿ ಇವತ್ತಿಗೂ ಅದನ್ನೇ ಬಳಸ್ತಿದೀನಿ. ಕುದುರೆ ಚರ್ಮದ್ದು ಬೀರುವಿನಲ್ಲಿದೆ, ಹಬ್ಬಕ್ಕೆ ಉಡೋ ಸೀರೆ ಥರ ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುತ್ತೆ. ವ್ಯತ್ಯಾಸ ಇದೆಯಾ ಅಂದರೆ, ಇದೆ, ನುಣುಪಾಗಿ ಜಾರುತ್ತೆ, ಖುಷಿಯಾಗುತ್ತೆ. ಕೆನ್ನೆಗೆ ಗೊತ್ತಾಗುತ್ತಾ ಅಂದರೆ, ನನ್ನ ಕೆನ್ನೆಗಂತೂ ಇಲ್ಲ. ಆರು ತಿಂಗಳು ಒಂದೂ ಹೊಸ ಗೀರು ಬೀಳದೆ ಎಳೆದಿರಾ? ಆಗ ಕೊಳ್ಳಿ, ಹದಿನಾಲ್ಕು ಸಾವಿರದ್ದೇ ಕೊಳ್ಳಿ, ಯಾರು ಬೇಡ ಅಂದರು.

ಸಲೂನಿನ ಅಜ್ಜ ಈಗಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಪಟ್ಟಿ ಏನಾಯ್ತು ಅಂತ ಮಗನನ್ನ ಕೇಳಿದೆ. ಎಲ್ಲೋ ಇರಬೇಕು, ನೋಡ್ತೀನಿ ಅಂದ. ಕೊಡಿ ಅಂತ ಕೇಳೋಕೆ ಬಾಯಿ ಬರಲಿಲ್ಲ. ನೀಲಿ ಗೆರೆಯ ಕತ್ತಿ ಮಾತ್ರ ನನ್ನ ಹತ್ತಿರವೇ ಇದೆ. ಗಡ್ಡಕ್ಕೆ ಬರೋದಿಲ್ಲ. ಅದರ ಬಾಯಿಯನ್ನ ಪೂರ್ತಿ ಮೊಂಡು ಮಾಡಿ ಇಟ್ಟಿದೀನಿ. ಯಾರಾದರೂ ಕಲಿಯೋಕೆ ಬಂದರೆ ಮೊದಲು ಅದನ್ನೇ ಕೈಗೆ ಕೊಟ್ಟು, ಹಳೇ ಬೆಲ್ಟಿನ ಮೇಲೆ ತಿರುಗಿಸೋದು ಅಭ್ಯಾಸ ಮಾಡಿಸ್ತೀನಿ. ಫೋನು ಮಾಡಿದ್ದ ಗೆಳೆಯ ಈ ಶನಿವಾರ ಬರ್ತಾನಂತೆ. ಇನ್ನೂ ಬೇಜಾರಿನಲ್ಲೇ ಇದಾನೆ, ಬರಲಿ.

ನಿಮ್ಮ ಅಟ್ಟದ ಮೇಲೂ ಯಾವುದಾದರೂ ಟ್ರಂಕು ಇದ್ದೀತು. ಒಮ್ಮೆ ಹುಡುಕಿ ನೋಡಿ. ಕತ್ತಿ ಸಿಕ್ಕರೆ ಬರೆದು ತಿಳಿಸಿ, ಕಲ್ಲಿಗೆ ಹಾಕೋರನ್ನ ಹುಡುಕೋಣ. ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು, ಎಷ್ಟು ಗೀರಿದೆ ಎಣಿಸಿ ಹೇಳಿ. ಬೀದಿಯಲ್ಲಿ ಸಾಣೆಯವನು ಕೂಗಿದರೆ ಮಾತ್ರ ಬಾಗಿಲು ಹಾಕಿಕೊಂಡುಬಿಡಿ.